ಪಡಸಾಲೆಯಲ್ಲಿ ರಾಕ್ ಗಾಯಕನ ಪುಣ್ಯತಿಥಿ

ನೆನಪಿನ ಶಕ್ತಿಯಲ್ಲಿ ಇಡೀ ದಾವಣಗೆರೆಯಲ್ಲೇ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹೊರದೇಶದ ಯಾವ ರಾಕ್ ತಂಡ ಯಾವತ್ತು ಒಡೆಯಿತು, ಸೋಲ್ ಸಂಗೀತದ ಯಾವ ಗಾಯಕಿಯ ಮೊದಲ ರೆಕಾರ್ಡ್ ಯಾವತ್ತು ಬಂತು, ಎಲ್ಲವೂ ನನ್ನ ಡೈರಿಯಲ್ಲಿತ್ತು. ಹೆಂಡತಿಯ ಹುಟ್ಟಿದ ದಿನ ಮಾತ್ರ ಇರಲಿಲ್ಲ!

ನಮ್ಮೂರು ಜಿಲ್ಲೆಯಾದ ಹೊಸತು. ಅವತ್ತು ನನ್ನ ಮೆಚ್ಚಿನ ಅಮೆರಿಕದ ರಾಕ್ ಗಾಯಕನ ಪುಣ್ಯತಿಥಿ. ಪುಣ್ಯತಿಥಿ ಎಂದ ಮೇಲೆ ಸುಮ್ಮನೆ ಬಿಡಲಾದೀತೇ? ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ್ದ ಅವನ ಫೋಟೋವನ್ನು ಪಡಸಾಲೆಯ ಕುರ್ಚಿಯ ಮೇಲೆ ಸ್ಥಾಪಿಸಿ, ಸೇವಂತಿಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿದೆ. ಹೆಗಲವರೆಗೆ ಕೂದಲು, ಮುಖದ ತುಂಬ ಗಡ್ಡ, ಅರೆಮುಚ್ಚಿದ ಕಣ್ಣು. ಕೈಯಲ್ಲಿದ್ದ ಮೈಕನ್ನು ಹಾರ ಮುಚ್ಚಿತ್ತು. ಟೇಪ್ ಹಚ್ಚಿ ಅವನ ಜೊತೆ ನಾನೂ ದನಿಗೂಡಿಸಿದೆ. ಪಕ್ಕದ ಮನೆಯ ಕಿಟಕಿ ಎಂದಿನಂತೆ ಮುಚ್ಚಿಕೊಂಡಿತು.

ಹೆಂಡತಿ ಅಡುಗೆಮನೆಯಿಂದ ಓಡಿಬಂದು ಟೇಪ್ ಆರಿಸಿದಳು.

"ಏನ್ರೀ ಇದು! ಹರಿಹರದೋರು ಇವತ್ತು ನಿಮ್ ತಂಗೀನ ನೋಡಾಕೆ ಬರ್ತಾರೆ ಅಂತ ಎಂಟು ದಿನದಿಂದ ಬಡ್ಕಂತಾ ಇದೀನಿ. ಹಾರ ಹಾಕಿದ ಫೋಟೋ ನೋಡಿದ್ರೆ ಸಾವಾದ ಮನಿ ಅನ್ಕಂಡು ಹಂಗೇ ವಾಪಸ್ ಹೋಗ್ತಾರೆ!"

ಡೈರಿಯಲ್ಲಿ ಅದೂ ಇರಲಿಲ್ಲ. ಹಿಂದಿನ ಎರಡು ಸಂಬಂಧ ಕೈತಪ್ಪಿದ ಮೇಲೆ ತಂಗಿ ಮಂಕಾಗಿದ್ದಳು. ಈ ಹುಡುಗನ ಫೋಟೋ ನೋಡಿ ನಕ್ಕಿದ್ದಳು. ಆ ನಗು ನೆನಪಾಯಿತು. ಫೋಟೋ ಎತ್ತಲು ಬಗ್ಗುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದು!

ಮೊದಲು ಒಳಬಂದವರು ಹುಡುಗನ ಅಜ್ಜಿ. ಹಣೆ ತುಂಬ ವಿಭೂತಿ. ಹಾರ ನೋಡಿ ಹೊಸ್ತಿಲಲ್ಲೇ ನಿಂತರು. ಮುಗಿಯಿತು ಕಥೆ ಎಂದುಕೊಂಡೆ. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, ನೇರ ಹೋಗಿ ಫೋಟೋಗೆ ಅಡ್ಡಬಿದ್ದರು!

"ಯಾವ ಮಠದ ಅಜ್ಜಾರಪ್ಪ ಇವ್ರು?"

"ಬಾಳ ದೂರದೋರ್ರಿ," ಎಂದಳು ಹೆಂಡತಿ. "ಇವತ್ತು ಪುಣ್ಯತಿಥಿ." ಒಂದಕ್ಷರವೂ ಸುಳ್ಳಲ್ಲ!

"ಪ್ರವಚನ ಹೇಳ್ತಿದ್ರೇನು?"

"ಹಾಡ್ತಿದ್ರು," ಎಂದೆ ನಾನು. ಬಾಯಿ ಬಿಡಬಾರದಿತ್ತು.

"ಹೌದಾ! ಹಚ್ಚಪ್ಪ, ಕೇಳಾನ."

ತಂಗಿಯ ಮದುವೆ ನನ್ನ ಬೆರಳ ತುದಿಯಲ್ಲಿತ್ತು. ಗುಂಡಿ ಒತ್ತಿದೆ. ಗಿಟಾರು ಗುಡುಗಿತು. ಗಾಯಕ ಕರುಳು ಕಿತ್ತು ಬರುವಂತೆ ಕಿರುಚಿದ. ಹುಡುಗನ ಅಪ್ಪ ಬಾಗಿಲ ಕಡೆ ನೋಡಿದರು. ಅಜ್ಜಿ ಮಾತ್ರ ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿದರು.

"ಮಾತು ತಿಳೀಲಿಲ್ಲ. ಆದ್ರೆ ಒಳಗೆ ಬಾಳ ಸಂಕಟ ಐತೆ, ಪಾಪ," ಎಂದು ಕಣ್ಣೊರೆಸಿಕೊಂಡರು. "ಹೋದೋರನ್ನ ಮರೀದ ಮನಿ ಇದು. ಹುಡುಗೀನ ಕರೀರಿ."

ಅಬ್ಬಾ, ಹೋದ ಜೀವ ಬಂತು! ಕುರ್ಚಿಯಲ್ಲಿ ಗಾಯಕನಿದ್ದುದರಿಂದ ನಾನು ನೆಲದ ಮೇಲೇ ಕುಸಿದು ಕುಳಿತೆ.

ತಂಗಿ ಹರಿಹರದ ಸೊಸೆಯಾದಳು. ಮರುವರ್ಷ ಅದೇ ದಿನ ಅಜ್ಜಿ ತೆಂಗಿನಕಾಯಿ ಹಿಡಿದು ತಪ್ಪದೆ ಬಂದರು. ಟೇಪ್ ಹಚ್ಚಿದೆ. ಭಕ್ತಿ ಉಕ್ಕಿ ನಾನೂ ದನಿಗೂಡಿಸಿದೆ. ಅಜ್ಜಿ ಒಂದೇ ಒಂದು ಕಣ್ಣು ತೆರೆದರು.

"ಅಜ್ಜಾರು ಹಾಡ್ಲಿ. ನೀ ಕಾಯಿ ಒಡಿಯಪ್ಪ."