ಸಂಗಡಿಗರನ್ನು ಹುಡುಕಿದ ಯಂತ್ರ

"ನೋಡಿ ಆಚಾರ್ರೇ, ಇಡೀ ಜಗತ್ತಿನಾಗೆ ಇಂಥದ್ದು ಇದೊಂದೇ!" ಎಂದು ಓಬಳೇಶಪ್ಪ ನಾಗಲಿಂಗಾಚಾರರ ಮನೆಯ ಮೇಜಿನ ಮೇಲಿದ್ದ ಟವೆಲ್ಲನ್ನು ಎಳೆದ.

ಟವೆಲ್ಲಿನ ಕೆಳಗೆ ಒಂದು ಹಳೇ ಟೇಪ್‌ರೆಕಾರ್ಡರು ಕೂತಿತ್ತು. ಅದರ ನೆತ್ತಿಗೆ ಇಡ್ಲಿ ತಟ್ಟೆ, ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದು ಮೈಕು, ಪಕ್ಕದಲ್ಲಿ ಅಂಗಡಿಯ ಬಿಲ್ಲು ಮುದ್ರಿಸುವ ಪುಟ್ಟ ಪ್ರಿಂಟರು. ನಾಗಲಿಂಗಾಚಾರ್ ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಓಬಳೇಶಪ್ಪನ ಹಿಂದಿನ ಯಂತ್ರ, ತಾನೇ ಒಗ್ಗರಣೆ ಹಾಕುವಂಥದ್ದು, ಅವರ ಎಡಗಡೆಯ ಮೀಸೆಯನ್ನು ಬಲಿ ತೆಗೆದುಕೊಂಡಿತ್ತು. ಚಿತ್ರದುರ್ಗದ ಅವನ ಅಂಗಡಿಗೆ ರೇಡಿಯೋ ರಿಪೇರಿಗೆ ಬರುವವರು ನಿಂತುಹೋದ ಮೇಲೆ ಆ ಮನುಷ್ಯನಿಗೆ ಬಿಡುವು ಸಿಕ್ಕಿ, ಬೀದಿಗೆಲ್ಲ ನೆಮ್ಮದಿ ಹೋಗಿತ್ತು.

"ಇದು ನಾಮಪತ್ತೆ ಯಂತ್ರ! ಹಾಡು ಕೇಳಿಸಿದ್ರೆ ಸಾಕು, ಅದರಾಗೆ ಸದ್ದು ಮಾಡಿದ ಅಷ್ಟೂ ಜನರ ಹೆಸರು ಪತ್ತೆ ಹಚ್ಚಿ, ಇಂಟರ್‌ನೆಟ್ಟಿನ ಹಾಡಿನ ಪಟ್ಟಿಗೆ ತಾನೇ ಏರಿಸ್ತೈತೆ!"

ಆಚಾರರ ಎದೆ ಹಾರ್ಮೋನಿಯಂ ತಿದಿಯಂತೆ ಉಬ್ಬಿತು. ಅವರ ಸಂಕಟ ಬೀದಿಗೇ ಗೊತ್ತಿದ್ದದ್ದು. ನಲವತ್ತೊಂದು ವರ್ಷ ಗಾಯಕ ಮರುಳಸಿದ್ಧಪ್ಪನವರಿಗೆ ಹಾರ್ಮೋನಿಯಂ ನುಡಿಸಿದ್ದರು. ಕ್ಯಾಸೆಟ್ಟಿನ ಮೇಲೂ ಕರಪತ್ರದ ಮೇಲೂ ಬಂದದ್ದು ಒಂದೇ: 'ಮರುಳಸಿದ್ಧಪ್ಪ ಮತ್ತು ಸಂಗಡಿಗರು'. ಹಾಡುಗಳು ಫೋನಿಗೆ ಬಂದ ಮೇಲಂತೂ ಇನ್ನೂ ಕೆಟ್ಟಿತ್ತು. ಪಟ್ಟಿ ಮಾಡಿದ ಪುಣ್ಯಾತ್ಮರು 'ಸಂಗಡಿಗರು' ಎಂಬ ಒಬ್ಬ ಮನುಷ್ಯ ಇದ್ದಾನೆಂದು ತಿಳಿದು ಅವನಿಗೊಂದು ಪುಟವನ್ನೇ ತೆರೆದಿದ್ದರು. ಹುಟ್ಟಿದ ಊರು: ತಿಳಿದಿಲ್ಲ. ಹಾಡುಗಳು: ನಾಲ್ಕು ಸಾವಿರದ ಮುನ್ನೂರ ಹನ್ನೆರಡು!

"ಸಾಯೋದರೊಳಗೆ ಒಂದೇ ಒಂದು ಕಡೆ ನನ್ನ ಹೆಸರು ನೋಡ್ಬೇಕು ಕಣಯ್ಯ," ಎಂದರು ಆಚಾರರು. "ನಿನ್ನ ಯಂತ್ರವೂ ನನ್ನ ಬಿಟ್ಟುಬಿಟ್ರೆ?"

"ಬಿಡೋ ಮಾತೇ ಇಲ್ಲ! ಯಾರನ್ನೂ ಬಿಡದಂಗೆ ಹೆಸರು ಬರೆಯೋದು ಕಲೀಲಿ ಅಂತ ಅದಕ್ಕೆ ಮುನ್ನೂರು ಲಗ್ನಪತ್ರಿಕೆ ಓದಿಸೀನಿ!"

ಆಚಾರರು ತಲೆದೂಗಿದರು. ಲಗ್ನಪತ್ರಿಕೆಯಲ್ಲಿ ಒಂದು ಹೆಸರು ತಪ್ಪಿದ್ದಕ್ಕೆ ಅವರ ಷಡ್ಡಕ ಹದಿನಾರು ವರ್ಷದಿಂದ ಮಾತು ಬಿಟ್ಟಿದ್ದ. ಇದಕ್ಕಿಂತ ಗಟ್ಟಿ ಪಾಠ ಯಾವ ಯಂತ್ರಕ್ಕೂ ಸಿಗಲಾರದು.

ಮೊದಲು ಹಾಕಿದ್ದು ಗೋರಂಟಿ ಹಾಡಿನ ಕ್ಯಾಸೆಟ್ಟು. "ಇದನ್ನ ನಮ್ಮನೆ ಹಾಲಲ್ಲೇ ರೆಕಾರ್ಡ್ ಮಾಡಿದ್ದು," ಎಂದರು ಆಚಾರರು. "ಅವತ್ತು ಶ್ರುತಿಪೆಟ್ಟಿಗೆಯವನು ಕೈ ಕೊಟ್ಟುಬಿಟ್ಟ. ಹೇಗೋ ನಡೀತು ಅನ್ನು."

"ಹೇಗೋ ನಡೀತಾ?" ಎಂದರು ಕಾಫಿ ತಂದ ಹೆಂಡತಿ. ಅಷ್ಟರಲ್ಲಿ ಪ್ರಿಂಟರು ಕಿರ್ರೆಂದಿತು.

'ಶ್ರೀ ಗಣೇಶಾಯ ನಮಃ. ಹಾರ್ಮೋನಿಯಂ: ಚಿ॥ ರಾ॥ ನಾಗಲಿಂಗಾಚಾರ್.'

ಎಪ್ಪತ್ತೊಂದನೇ ವಯಸ್ಸಿನಲ್ಲಿ ತಮ್ಮನ್ನು ಮದುವೆ ಗಂಡು ಮಾಡಿದ್ದನ್ನು ಅವರು ಗಮನಿಸಲೇ ಇಲ್ಲ. ಆ ಒಂದು ಸಾಲನ್ನೇ ಮೂರು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಟ್ಟಿ ಇನ್ನೂ ಒಂದು ಮೊಳ ಬರುತ್ತಲೇ ಇತ್ತು. ಅದನ್ನು ಹೆಂಡತಿ ಹರಿದುಕೊಂಡು ಓದಿದರು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಾರನೇ ದಿನ ಎದುರು ಮನೆಯ ಗುರುಶಾಂತಪ್ಪ ಬಂದ. ಅವನ ಫೋನಿನಲ್ಲಿ ಗೋರಂಟಿ ಹಾಡಿನ ಕೆಳಗೆ 'ಕೆಮ್ಮು: ಗುರುಶಾಂತಪ್ಪ' ಎಂದಿತ್ತು. ರೆಕಾರ್ಡಿಂಗ್ ದಿನ ಅವನು ಕಿಟಕಿಯಾಚೆ ನಿಂತು ಕೇಳಿದ್ದನಂತೆ.

"ತೆಗೆಸಿಬಿಡ್ತೀನಿ, ತಪ್ಪು ತಿಳ್ಕೋಬೇಡ," ಎಂದರು ಆಚಾರರು.

"ತೆಗೆಸ್ಬೇಡಿ! ಬರೀ ಕೆಮ್ಮು ಅಂತ ಐತೆ. ವಿಶೇಷ ಕೆಮ್ಮು ಅಂತ ಮಾಡ್ಸಿ!"

ಅವನ ಹಿಂದೆಯೇ ಹಾಲಿನ ಬಸಣ್ಣ. ತನ್ನ ಸೈಕಲ್ ಬೆಲ್ಲು ಕೆಮ್ಮಿಗಿಂತ ಮೊದಲೇ ಕೇಳಿಸಿದರೂ ಹೆಸರು ಕೆಳಗೆ ಬಂದಿದೆ ಎಂದು ಅವನ ತಕರಾರು. ಇಬ್ಬರೂ ಗೇಟಿನ ಬಳಿ ಕೈ ಕೈ ಮಿಲಾಯಿಸುವುದೊಂದು ಬಾಕಿ! ಓಬಳೇಶಪ್ಪ ಮಾತ್ರ ಹಿಗ್ಗಿ, ಆ ವಾರ ಇನ್ನೂ ಇಪ್ಪತ್ತಾರು ಕ್ಯಾಸೆಟ್ಟು ಯಂತ್ರಕ್ಕೆ ತಿನ್ನಿಸಿದ.

ಭಾನುವಾರ ಬೆಳಿಗ್ಗೆ ಆಚಾರರ ಮನೆ ಮುಂದೆ ಎರಡು ವ್ಯಾನು ನಿಂತವು. ರೇಷ್ಮೆ ಸೀರೆ, ಗರಿಗರಿ ಪಂಚೆ, ಕೈಯಲ್ಲಿ ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ!

"ಮುಹೂರ್ತ ಎಷ್ಟೊತ್ತಿಗೆ?" ಎಂದು ಕೇಳಿದ ತಬಲಾದ ಈರಣ್ಣ, ಫೋನು ಚಾಚಿ. ಅದರಲ್ಲಿ ಯಂತ್ರ ಬರೆದಿತ್ತು: 'ತಾವು ಸಕುಟುಂಬ ಸಪರಿವಾರ ಸಮೇತ ನಾಗಲಿಂಗಾಚಾರರ ಸ್ವಗೃಹಕ್ಕೆ ದಯಮಾಡಿಸಿ, ಭೋಜನ ಸ್ವೀಕರಿಸಿ ಹರಸಬೇಕಾಗಿ ವಿನಂತಿ.'

"ಓಬಳೇಶಾ!"

"ಹೆಸರು ಬರೆದ ಮ್ಯಾಲೆ ಕರೀದೇ ಇದ್ರೆ ಚೆಂದಾಗಿರಲ್ಲ ಅಂತ ಅದೇ ತಿಳ್ಕೊಂಡೈತೆ ಸ್ವಾಮಿ," ಎಂದ ಓಬಳೇಶಪ್ಪ, ಅಷ್ಟರಲ್ಲೂ ಹೆಮ್ಮೆಯಿಂದ. "ನೂರ ನಲವತ್ತು ಜನ ಅಷ್ಟೇ."

ಆಚಾರರ ಹೆಂಡತಿ ಒಂದು ಮಾತೂ ಆಡದೆ ಸೆರಗು ಬಿಗಿದು ಹಿತ್ತಲಿಗೆ ನಡೆದು ಒಲೆ ಹೂಡಿಸಿದರು. ಆಮೇಲೆ ಅವರ ಬಾಯಿ ಸಂಜೆಯವರೆಗೂ ನಿಲ್ಲಲಿಲ್ಲ.

ಕಡೆಗೆ ಮರುಳಸಿದ್ಧಪ್ಪನವರೇ ಬಂದರು, ಶಾಲು ಹೊದ್ದು, ಕೆಂಡವಾಗಿ. "ಏನಯ್ಯಾ ನಾಗಲಿಂಗ! ಹಾಡಿದವನು ನಾನು! ಪಟ್ಟಿಯಲ್ಲಿ ಕೆಮ್ಮಿದವನಿದ್ದಾನೆ, ಬೆಲ್ಲು ಹೊಡೆದವನಿದ್ದಾನೆ! ಕೊನೆಗೆ 'ಹಾಗೂ ಬಂಧುಮಿತ್ರರು' ಅಂತೆ. ಅದರಲ್ಲಿ ನಾನಂತೆ!"

ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಆಚಾರರು ಅವರಿಗೆ ಎದುರು ಮಾತಾಡಿದರು. "ಒಂದು ವಾರಕ್ಕೇ ಇಷ್ಟು ಉರೀತಾ ಇದೆಯಾ ಸ್ವಾಮಿ?"

ಮರುಳಸಿದ್ಧಪ್ಪನವರು ಶಾಲು ತೆಗೆದು ಮಡಿಸಿದರು. ಚಾಪೆಯ ಮೇಲೆ ಕೂತರು. "ನಿನ್ನ ಹಾರ್ಮೋನಿಯಂ ಪೆಟ್ಟಿಗೆ ತಗೊಂಡ್ ಬಾ," ಎಂದರು. ಶ್ರುತಿ ಹಿಡಿಯುವ ಮುಂಚೆ ಎದ್ದು ನಿಂತು ಗಟ್ಟಿಯಾಗಿ ಸಾರಿದರು: "ಈ ದಿನದ ಗಾಯನ, ನಾಗಲಿಂಗಾಚಾರ್ ಮತ್ತು ಸಂಗಡಿಗರಿಂದ!"

ಆ ಚಪ್ಪಾಳೆಗೆ ಆಚಾರರಿಗೆ ಮೊದಲ ಸ್ವರವೇ ತಪ್ಪಿತು. ಇಷ್ಟು ಸುಖವಾಗಿ ಅವರು ಎಂದೂ ತಪ್ಪಿರಲಿಲ್ಲ.

ಸಂಜೆ ಎಲ್ಲರೂ ಹೊರಟ ಮೇಲೆ ಇಡ್ಲಿ ತಟ್ಟೆ ಮಿಣುಕಿತು. ಯಂತ್ರ ಇಡೀ ದಿನ ಕೇಳಿಸಿಕೊಂಡು, ಆಗಲೇ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಏರಿಸಿಬಿಟ್ಟಿತ್ತು! ಆಚಾರರು ಚೀಟಿಗೆ ಮುಗಿಬಿದ್ದರು.

'ಪ್ರಧಾನ ಗಾಯನ: ಪಂಕಜಾಕ್ಷಮ್ಮ ಮತ್ತು ಸಂಗಡಿಗರು. ಹಾಡುಗಳು: ಎಲೆ ಹಾಕ್ರೋ. ಸಾರು ತೆಳ್ಳಗಾಯ್ತು. ಇನ್ನೂ ಐವತ್ತು ಜನ ಬಂದ್ರಲ್ಲೋ.'

"ಇದ್ಯಾರು ಪಂಕಜಾಕ್ಷಮ್ಮ?" ಎಂದ ಓಬಳೇಶಪ್ಪ.

"ನಮ್ಮ... ನಮ್ಮನೆಯವರು," ಎಂದರು ಆಚಾರರು. "ಅಲ್ಲಯ್ಯ, ನನ್ನ ಹೆಸರೆಲ್ಲಿ?"

ಪಂಕಜಾಕ್ಷಮ್ಮ ಸೊಂಟದಿಂದ ಹಳೇ ಚೀಟಿ ತೆಗೆದು ಅವರ ಮುಂದೆ ಹಿಡಿದರು. ಗೋರಂಟಿ ಹಾಡಿನ ಪಟ್ಟಿ, ಎರಡನೇ ಸಾಲು. 'ಶ್ರುತಿಪೆಟ್ಟಿಗೆ: ಪಂಕಜಾಕ್ಷಮ್ಮ.'

ಆಚಾರರಿಗೆ ಆ ಮಧ್ಯಾಹ್ನ ನೆನಪಾಯಿತು. ಹಿಟ್ಟಿನ ಕೈ ಒರೆಸಿಕೊಂಡು ಬಂದು ಕೂತು, ಹನ್ನೊಂದು ಹಾಡು ಮುಗಿಯುವವರೆಗೂ ತಿದಿ ಒತ್ತಿದವರು ಯಾರೆಂದು ನೆನಪಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅವತ್ತೇ ಹೇಳಬಾರದಿತ್ತೇನೇ?"

"ಹೇಳೋಕೇನು? ನೀವು ಒಂದನೇ ಸಾಲಿನಿಂದ ಕೆಳಗೆ ಇಳಿಯಲೇ ಇಲ್ಲವಲ್ಲ," ಎಂದರು ಪಂಕಜಾಕ್ಷಮ್ಮ, ಪಾತ್ರೆ ತಿಕ್ಕುವ ನಾರನ್ನು ಅವರ ಕೈಗಿಟ್ಟು. "ಬನ್ನಿ, ನೂರ ನಲವತ್ತು ಲೋಟ ಇದೆ. ಹೆಸರು ಮಾಡೋಕೆ ಬೇಕಾದಷ್ಟು ಜಾಗ."

ಹಿತ್ತಲಿನಲ್ಲಿ ಲೋಟಗಳು ಠಣ್ ಠಣ್ ಎಂದವು. ಒಳಗೆ ಯಂತ್ರ ಕಿವಿ ನಿಮಿರಿಸಿ ಕೊನೆಯ ಚೀಟಿ ಮುದ್ರಿಸಿತು: 'ತಾಳವಾದ್ಯ: ಚಿ॥ ರಾ॥ ನಾಗಲಿಂಗಾಚಾರ್ ಮತ್ತು ಸಂಗಡಿಗರು.'

ಸಂಗಡಿಗರು ಯಾರೆಂದು ಈ ಸಲ ಯಾರೂ ಹುಡುಕಬೇಕಾಗಲಿಲ್ಲ. ಓಬಳೇಶಪ್ಪ ಮೊಣಕೈವರೆಗೂ ಸೋಪು ಹಚ್ಚಿಕೊಂಡು ಪಕ್ಕದಲ್ಲೇ ಕೂತಿದ್ದ.