ದುಡ್ಡಿಗೆ ಬಾಯಿ ಬಂದದ್ದು

ಕಂಪಲಾಪುರದ ಟೈಲರ್ ಕಾಂತರಾಜು ತನ್ನ ಜೀವಮಾನದಲ್ಲಿ ಹೆಂಡತಿಯನ್ನು ವಾದದಲ್ಲಿ ಸೋಲಿಸಿದ್ದು ಒಂದೇ ಸಲ. ಆ ಗೆಲುವನ್ನು ನೆನೆದರೆ ಈಗಲೂ ಅವನು ಮಂಡಿ ನೀವಿಕೊಳ್ಳುತ್ತಾನೆ.

ವಾದ ಎದ್ದದ್ದು ಫೋನಿನೊಳಗಿನ ದುಡ್ಡಿನ ವಿಷಯಕ್ಕೆ. ಅವನು ಬಳಸುತ್ತಿದ್ದ 'ಕಿಸೆನಾಣ್ಯ' ಎಂಬ ಡಿಜಿಟಲ್ ಹಣದ ಕಂಪನಿ ಶ್ರಾವಣಕ್ಕೆ ಮುಂಚೆ ಹೊಸ ರಾಜಾಜ್ಞೆ ಹೊರಡಿಸಿತು: ತಿಂಗಳಿಗೆ ಒಂದಿಷ್ಟು ಶುಲ್ಕ ಕೊಡಿ, ಇಲ್ಲವೇ ದುಡ್ಡು ಕಳಿಸಿದಾಗಲೆಲ್ಲ ಒಂದು ಜಾಹೀರಾತು ಕೇಳಿಸಿಕೊಳ್ಳಿ. (ಶುಲ್ಕವೆಂದರೆ ಟೀ, ಬನ್ನಿನ ಕಾಸು. ಆದರೆ ಕಾಂತರಾಜು ಗುಂಡಿ ಹೊಲಿಯುವ ದಾರವನ್ನೂ ಅಳೆದು ಕತ್ತರಿಸುವ ಮಹಾಪುರುಷ.)

"ಶುಲ್ಕ ಕೊಟ್ಬುಡಿ ಕಣ್ರೀ," ಎಂದಳು ಚಾಮುಂಡಮ್ಮ. "ದುಡ್ಡು ಇಟ್ಕೊಳೋ ಜಾಗಕ್ಕೆ ಬಾಯಿ ಇರಬಾರ್ದು."

"ಬಸ್ ಮೇಲೆ ಜಾಹೀರಾತು ಇರಾಕಿಲ್ವಾ? ಅದ್ರಲ್ಲೇ ಕೂತ್ಕೊಂಡು ನೀನು ಮೈಸೂರಿಗೆ ಓಗಾಕಿಲ್ವಾ?"

"ಬಸ್ಸು ನನ್ ಸೆರಗಿನ ಗಂಟು ಬಿಚ್ಚಿ ನೋಡಾಕಿಲ್ಲ."

"ಪುಗಸಟ್ಟೆ ಸಿಕ್ಕೋದ್ನ ಬುಡಾಕೆ ನಾನೇನು ಪಾಳೇಗಾರನಾ?"

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಚಾಮುಂಡಮ್ಮ ಒಳಗೋಡಿದಳು. ಕಾಂತರಾಜು ಅದನ್ನೇ ದಿಗ್ವಿಜಯವೆಂದು ತಿಳಿದ.

ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದು ಅವನ ಬಲಮಂಡಿ ಕೆಟ್ಟುಹೋಗಿತ್ತು. ಅದು ವಾಸಿಯಾಗಲೆಂದು ಚಾಮುಂಡಮ್ಮ ಹರಕೆ ಹೊತ್ತಳು: ಶ್ರಾವಣವಿಡೀ ಮನೆಮಂದಿ ಯಾರೂ ಮಾಂಸ ಮುಟ್ಟುವಂತಿಲ್ಲ, ಕಡೆಯ ಸೋಮವಾರ ಅವಳು ಉಪವಾಸವಿದ್ದು ಬರಿಗಾಲಲ್ಲಿ ಬೆಟ್ಟದಪುರದ ಬೆಟ್ಟ ಹತ್ತಬೇಕು. ಮನೆಯಲ್ಲಿ ಒಬ್ಬರು ನೇಮ ತಪ್ಪಿದರೂ ಹರಕೆ ಸಲ್ಲುವುದಿಲ್ಲ.

ನೇಮ ತಪ್ಪಿದ್ದು ಯಾರು ಅಂತೀರಿ? ಯಾರ ಮಂಡಿಗಾಗಿ ಹರಕೆಯೋ ಅವನೇ. ಲೈನಿಂಗ್ ಬಟ್ಟೆ ತರಲು ಹುಣಸೂರಿಗೆ ಹೋದವನನ್ನು ಅವನ ಮೂಗು ಬೆಟ್ಟಸ್ವಾಮಿಯ ಮೆಸ್ಸಿನೊಳಕ್ಕೆ ಎಳೆದೊಯ್ದಿತು. ನಾಟಿಕೋಳಿ ಸಾರು, ಬಿಸಿಬಿಸಿ ಮುದ್ದೆ. ಫೋನಿನಲ್ಲೇ ದುಡ್ಡು ಕೊಟ್ಟ. ಫೋನು ಯಾವುದೋ ಸೋಪನ್ನು ಹೊಗಳಿ ಸುಮ್ಮನಾಯಿತು. ರಾತ್ರಿ ಮನೆಯಲ್ಲಿ "ಹಸಿವೇ ಇಲ್ಲ ಕಣೇ" ಎಂದಾಗ ಅವಳು ಗಾಬರಿಯಿಂದ ಹಣೆ ಮುಟ್ಟಿ ಜ್ವರ ನೋಡಿದಳು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಕಡೆಯ ಸೋಮವಾರ ಬೆಟ್ಟದ ಬುಡದಲ್ಲಿ ಅವಳು ಸೆರಗಿನ ಗಂಟು ಬಿಚ್ಚಿ, "ಚಿಲ್ರೆ ಇಟ್ಕೊಂಡಿರಿ," ಎಂದಳು.

"ಫೋನದೆ ಬುಡು," ಎಂದ ಕಾಂತರಾಜು ಮರದ ನೆರಳಲ್ಲಿ ಮಂಡಿ ಚಾಚಿ ಕೂತ.

ಮಧ್ಯಾಹ್ನ ಅವಳು ಇಳಿದು ಬಂದಾಗ ಅಂಗಾಲುಗಳಲ್ಲಿ ಬೊಬ್ಬೆ ಎದ್ದಿದ್ದವು, ಮುಖ ಮಾತ್ರ ಅರಳಿತ್ತು. ಅವನ ಹಣೆಗೆ ವಿಭೂತಿ ಹಚ್ಚಿ, "ಇನ್ ಮಂಡಿ ಸರಿಹೋಯ್ತದೆ ಕಣ್ರೀ," ಎಂದಳು. ಕಾಂತರಾಜು ಮರ ಹಿಡಿದು ಎದ್ದ. ಎಳನೀರಿನ ಕಂಠಪ್ಪನಿಂದ ದೊಡ್ಡ ಕಾಯಿ ಕೊಚ್ಚಿಸಿ ಅವಳ ಕೈಗಿತ್ತು, ಫೋನಿನಿಂದ ದುಡ್ಡು ಕಳಿಸಿದ.

ಫೋನು ಸಕ್ಕರೆಯಂಥ ದನಿಯಲ್ಲಿ ಉಲಿಯಿತು: "ಪ್ರಿಯ ಕಾಂತರಾಜು ಅವರೇ! ಹುಣಸೂರಿನ ನಾಟಿಕೋಳಿ ಊಟ ನಿಮಗೆ ಇಷ್ಟವಾಯಿತೇ? ಬೆಟ್ಟಸ್ವಾಮಿ ಮೆಸ್ಸಿಗೆ ಮತ್ತೆ ಬನ್ನಿ. ಶ್ರಾವಣ ಮುಗಿಯುವವರೆಗೆ ಎರಡನೇ ಮುದ್ದೆ ಉಚಿತ!"

ಕಂಠಪ್ಪನ ಮಚ್ಚು ಮೇಲೆತ್ತಿದಲ್ಲೇ ನಿಂತಿತು.

"ಶ್ರಾವಣದಾಗೆ ತಿಂದ್ರಾ?" ಎಂದಳು ಚಾಮುಂಡಮ್ಮ.

"ಬರೀ ಸಾರು ಕಣೇ... ಪೀಸು ಎರಡೇ..."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೈಯಲಿಲ್ಲ. ಕುಡಿಯದ ಎಳನೀರನ್ನು ನೆಲಕ್ಕಿಟ್ಟು, ತನ್ನ ಅಂಗಾಲನ್ನೊಮ್ಮೆ ನೋಡಿಕೊಂಡು, ಸೆರಗು ಸಿಕ್ಕಿಸಿ ಮತ್ತೆ ಮೆಟ್ಟಿಲಿನ ಕಡೆ ತಿರುಗಿದಳು. "ತಪ್ಪುಕಾಣಿಕೆ ಆಕ್ಬುಟ್ಟು ಬತ್ತೀನಿ."

ಕಾಂತರಾಜು ಅಡ್ಡ ನಿಂತ. "ಬ್ಯಾಡ ಕಣೇ. ತಿಂದೋನು ನಾನು, ನಾನೇ ಬೆಟ್ಟ ಅತ್ತೀನಿ. ನೀನು ಕೂತ್ಕೊಂಡು ಎಳ್ನೀರು ಕುಡಿ." ಫೋನನ್ನು ಅವಳ ಮಡಿಲಿಗೆ ಹಾಕಿದ. "ಇದ್ನ ನೀನೇ ಇಟ್ಕೊ. ದೇವರ ಮುಂದೂ ಬಾಯಿ ಬುಟ್ಟೀತು."

ಚಪ್ಪಲಿ ಕಳಚಿ ಹತ್ತಿದ. ಕೂತ, ಎದ್ದ, ಮತ್ತೆ ಕೂತ. ಮಂಡಿ ಹಳೇ ಮಿಷನ್ನಿನಂತೆ ಕಟಕಟ ಎನ್ನುತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ನೆನಪಾದದ್ದು ಕೋಳಿಯಲ್ಲ, ಜ್ವರ ನೋಡಲು ಹಣೆ ಮುಟ್ಟಿದ ಆ ಕೈ. ಹೊತ್ತು ಇಳಿಯುವಾಗ ಗುಡಿ ಸೇರಿ, ಅಡ್ಡಬಿದ್ದು, ಪೂಜಾರಿ ಚನ್ನಬಸವಣ್ಣನವರಿಗೆ ಎಲ್ಲವನ್ನೂ ಒಪ್ಪಿಸಿದ. ಅವರು ತಟ್ಟೆ ಮುಂದೆ ಹಿಡಿದರು.

"ಆಗಲಿ, ತಪ್ಪುಕಾಣಿಕೆ ಹಾಕಿ."

ಕಾಂತರಾಜು ಜೇಬಿಗೆ ಕೈ ಹಾಕಿದ. ಅಳತೆ ಟೇಪು ಬಂತು. ಇನ್ನೊಂದು ಜೇಬಿನಲ್ಲಿ ಗುರುತು ಹಾಕುವ ಸೀಮೆಸುಣ್ಣ. ದೂರ ಕೆಳಗೆ, ಮರದ ಬುಡದಲ್ಲಿ, ಅವನ ದುಡ್ಡನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಚಾಮುಂಡಮ್ಮ ಕಾಯುತ್ತಿದ್ದಳು.

"ಯಾಕ್ರೀ, ಏನಾಯ್ತು?" ಎಂದರು ಪೂಜಾರಿ.

"ಏನಿಲ್ಲ ಬುದ್ಧಿ," ಎಂದ ಕಾಂತರಾಜು ಮಂಡಿ ಹಿಡಿದುಕೊಂಡು. "ಕೆಳಗೋಗಿ ಬತ್ತೀನಿ."