ಒಂಟಿ ಕೈ ಜಾರಲೇಬೇಕಿತ್ತು

ನಾನು ಬಿ.ಎಸ್ಸಿ. ಪದವೀಧರ. ಮುಂಬಯಿ ಪಕ್ಕದ ಥಾಣೆಯಲ್ಲಿ, ವಾಗ್ಳೆ ಎಸ್ಟೇಟಿನ ಸ್ಕ್ರೂ ಕಾರ್ಖಾನೆಯಲ್ಲಿ ಆ ಪದವಿಯನ್ನು ಯಾರೂ ಕೇಳದ ಕಾರಣ, ಅದನ್ನು ಬಳಸುವ ಅವಕಾಶಕ್ಕಾಗಿ ಕಾದು ಕೂತಿದ್ದೆ. ಅವಕಾಶ ಬಂತು. ಬರಬಾರದ ರೀತಿಯಲ್ಲಿ ಬಂತು.

ಹೆಂಡತಿ ಜಲಜಳ ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯತೊಡಗಿತು. ಹಲ್ಲುಜ್ಜಿದರೆ ರಕ್ತ, ಮೈ ತಾಗಿದಲ್ಲೆಲ್ಲ ನೀಲಿ ಕಲೆ. ಥಾಣೆಯ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ಬಿಡಿಸಿ ಹೇಳಿದರು: ರಕ್ತನಾಳ ಹರಿದಲ್ಲಿ ಕೊಲಾಜನ್ ಎಂಬ ನಾರು ಹೊರಬೀಳುತ್ತದೆ. ಪ್ಲೇಟ್‌ಲೆಟ್ಟಿನ ಮೈಮೇಲಿನ ರಿಸೆಪ್ಟರುಗಳು, ಅಂದರೆ ಪುಟ್ಟ ಕೈಗಳು, ಆ ನಾರನ್ನು ಹಿಡಿದು ರಕ್ತ ಸೋರದಂತೆ ತಡೆಯುತ್ತವೆ. ಒಂಟಿ ಕೈಯ ಹಿಡಿತ ಸಡಿಲ. ಎರಡು ಕೈ ಸೇರಿ ಜೋಡಿಯಾದರೆ ಗಟ್ಟಿ. ಆದರೆ ಜಲಜಳಲ್ಲಿ ಪ್ಲೇಟ್‌ಲೆಟ್ಟೇ ಸಾಲದು. ದಾನಿಗಳು ಬೇಕು, ಬೇಗ ಬೇಕು.

"ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದವರಿದ್ದಾರಲ್ಲ, ಒಂದು ಮಾತು ಕೇಳಿ. ಬರ್ತಾರೆ," ಎಂದಳು ಜಲಜ.

ಕೇಳುವುದೇ! ಲೋಕಲ್ ರೈಲಿನಲ್ಲಿ "ಸ್ವಲ್ಪ ಸರಿಯಿರಿ" ಎನ್ನಲೂ ನನಗೆ ನಾಲಗೆ ಏಳುವುದಿಲ್ಲ. "ಕೇಳುವುದಲ್ಲ, ತಿಳಿಸಿಕೊಡುವುದು. ವಿಜ್ಞಾನ ಅರ್ಥವಾದರೆ ತಾವಾಗಿಯೇ ಬರುತ್ತಾರೆ," ಎಂದೆ.

"ಪಾಠ ಮಾತ್ರ ಮಾಡ್ಬೇಡಿ ಮಾರಾಯ್ರೆ," ಎಂದು ಅವಳು ಕಣ್ಣು ಮುಚ್ಚಿದಳು.

ಭಾನುವಾರ ಸಂಘದ ಹಾಲ್‌ನಲ್ಲಿ ಪ್ರಾತ್ಯಕ್ಷಿಕೆ ಏರ್ಪಾಟಾಯಿತು. ಕೊಲಾಜನ್ ಪಾತ್ರದಲ್ಲಿ ತಂದು ನಿಲ್ಲಿಸಿದ ಎರಡು ಕಂಬಗಳ ನಡುವೆ ಬಿಗಿದ ಪೆಂಡಾಲಿನ ಹಗ್ಗ. ಪ್ಲೇಟ್‌ಲೆಟ್ ಪಾತ್ರದಲ್ಲಿ ಸಂಘದ ಮಾನ್ಯ ಸದಸ್ಯರು. ರಕ್ತದ ಹರಿವಿನ ಪಾತ್ರದಲ್ಲಿ, ಹಿಂದಿನಿಂದ ತಳ್ಳಲು, ಸ್ವತಃ ನಾನು. ಪ್ಲೇಟ್‌ಲೆಟ್ ದಾನಕ್ಕೆ ಹೆಸರು ಬರೆಯಲು ಮೇಜಿನ ಮೇಲೊಂದು ಪುಸ್ತಕವನ್ನೂ ಇಟ್ಟೆ. ಇದೆಲ್ಲ ಯಾರಿಗಾಗಿ ಎಂದು ಮಾತ್ರ ಹೇಳಲಿಲ್ಲ. ಹೇಳಿದರೆ ಬೇಡಿದಂತಾಗುತ್ತದಲ್ಲ!

"ಮೊದಲು ಒಬ್ಬರೇ ಬಂದು ಒಂದೇ ಕೈಯಲ್ಲಿ ಹಿಡಿಯಿರಿ. ತಳ್ಳಿದ ಕೂಡಲೇ ಕೈ ಜಾರುತ್ತದೆ, ನೋಡಿ!"

ಪಕ್ಕದ ಮನೆಯ ಸದಾನಂದಣ್ಣ ಬಂದು ಹಿಡಿದರು. ತಳ್ಳಿದೆ. ಅಲುಗಲಿಲ್ಲ. ಮೈಭಾರ ಹಾಕಿ ತಳ್ಳಿದೆ. ಅವರು ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತಿದ್ದರು! ದಿನಾ ಬೆಳಿಗ್ಗೆ ರೈಲಿನ ಬಾಗಿಲಲ್ಲಿ ಒಂದೇ ಕೈಯಲ್ಲಿ ಜೋತು ದಾದರಿನ ಹೋಟೆಲಿಗೆ ಹೋಗುವ ಮನುಷ್ಯನನ್ನು ಯಾವ ರಕ್ತಪ್ರವಾಹ ಕಿತ್ತೀತು? ಇದು ನನಗೆ ಹೊಳೆದಿರಲಿಲ್ಲ.

"ಇನ್ನು ಜೋಡಿಗಳು. ಗಂಡ ಹೆಂಡತಿ ಕೈ ಕೈ ಹಿಡಿದು ಬನ್ನಿ."

ಇಡೀ ಸಭೆ ನೆಲ ನೋಡಿತು. "ಇಶ್ಶಿ, ಎಲ್ಲರೆದುರು ಎಂಥದಿದು!" ಎಂದಿತು ಹೆಂಗಸರ ಸಾಲು.

"ಜೋಡಿ ಎಂಥಕ್ಕೆ? ಒಂಟಿ ಕೈಯೇ ಗಟ್ಟಿ ಅಂತ ಆಯ್ತಲ್ಲ," ಎಂದರು ಸದಾನಂದಣ್ಣ. ಚಪ್ಪಾಳೆ ಬಿತ್ತು.

ವಿಜ್ಞಾನದ ಮಾನ ಉಳಿಸಲು ದೂರದಿಂದ ಓಡಿಬಂದು ತಳ್ಳಿದೆ. ಅವರು ಇಳಿಯುವ ಸ್ಟೇಷನ್ ಬಂದವರಂತೆ ಪಕ್ಕಕ್ಕೆ ಸರಿದರು. ನಾನು, ಕಂಬ, ಹಗ್ಗ ಮತ್ತು ಸ್ವಾಗತದ ಬ್ಯಾನರ್ ಒಟ್ಟಿಗೆ ನೆಲಕ್ಕೆ ಬಿದ್ದೆವು. ಸಭೆ ನಕ್ಕು ಚಹಾಕ್ಕೆ ಎದ್ದಿತು. ದಾನಕ್ಕೆ ಒಬ್ಬರೂ ಹೆಸರು ಕೊಡಲಿಲ್ಲ.

ಸೊಂಟ ಹಿಡಿದುಕೊಂಡಿತು. ಮನೆಯಲ್ಲಿದ್ದ ಆಸ್ಪಿರಿನ್ ನುಂಗಿದೆ. ಮರುದಿನ ದಾನ ಮಾಡಲು ನಾನೇ ಹೋದೆ.

"ಕಾಕಾ, ಕಾಹೀ ಗೋಳಿ ಘೇತಲೀ ಕಾ?" ಎಂದು ಬ್ಲಡ್ ಬ್ಯಾಂಕಿನ ಹುಡುಗಿ ಮರಾಠಿಯಲ್ಲಿ ಕೇಳಿದಳು, ಏನಾದರೂ ಗುಳಿಗೆ ತಗೊಂಡಿದ್ದೀರಾ ಎಂದು. ನುಂಗಿದ ಗುಳಿಗೆಯ ಹೆಸರು ಹೇಳಿದೆ. ಅವಳು ತಲೆಯಾಡಿಸಿದಳು. ಆ ಗುಳಿಗೆ ಹೊಟ್ಟೆ ಸೇರಿದರೆ ಪ್ಲೇಟ್‌ಲೆಟ್ಟು ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಸದ್ಯಕ್ಕೆ ನನ್ನದು ಯಾರಿಗೂ ಬೇಡವಂತೆ! ಬಿ.ಎಸ್ಸಿ.ಗೆ ಇದು ಗೊತ್ತಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕೂತು ಅತ್ತೆ. ಮೇಲಿನ ಮಹಡಿಯಲ್ಲಿ ಜಲಜಳ ವಸಡಿನಿಂದ ರಕ್ತ ಒಸರುತ್ತಿತ್ತು. ಅವಳು ಹೋಗಿಬಿಟ್ಟರೆ ಎಂದು ಹೆದರಿ ಅತ್ತೆ.

"ಅಲ್ಲ ಮಾರಾಯ್ರೆ!" ತಲೆ ಎತ್ತಿದರೆ ಸದಾನಂದಣ್ಣ. "ನೀವು ಬರೀ ಜ್ವರ ಅಂದದ್ದು. ಬೆಳಿಗ್ಗೆ ನನ್ನ ಹೆಂಡತಿ ನೋಡ್ಲಿಕ್ಕೆ ಬಂದಾಗ ಜಲಜಕ್ಕನೇ ಹೇಳಿದ್ರಂತೆ. ನಿನ್ನೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಅಂಗಿಯ ತೋಳು ಮೇಲಕ್ಕೆ ಮಡಿಸಿದರು. "ನಿಮ್ಮ ಕೊಲಾಜನ್ ನಂಗೆ ಗೊತ್ತಿಲ್ಲ. ಜಲಜಕ್ಕ ಗೊತ್ತುಂಟು."

ಸಂಜೆ ಹಳದಿ ಚೀಲದಿಂದ ಅವರ ಪ್ಲೇಟ್‌ಲೆಟ್ಟು ಹನಿಹನಿಯಾಗಿ ಜಲಜಳ ಮೈಗೆ ಇಳಿಯತೊಡಗಿತು. ಇದೂ ಕೆಲವೇ ದಿನಕ್ಕೆ, ಆಮೇಲೆ ಮತ್ತೆ ಬೇಕು ಎಂದಿದ್ದರು ಡಾಕ್ಟರು.

"ಇನ್ನಾದ್ರೂ ಬಾಯಿಬಿಟ್ಟು ಕೇಳ್ತೀರಾ?" ಎಂದಳು.

"ಕೇಳುತ್ತೇನೆ," ಎಂದೆ. ಇಡೀ ವಾರ್ಡು ನೋಡುತ್ತಿತ್ತು. ನೋಡಲಿ! ಮದುವೆಯಾದಾಗಿನಿಂದ ನಾಲ್ಕು ಜನರೆದುರು ಹಿಡಿಯದ ಅವಳ ಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದೆ.

"ಕಾಕಾ, ಸೋಡಾ! ಸೋಡಾ!" ಎಂದು, ಬಿಡಿ ಬಿಡಿ ಎಂದು ಮರಾಠಿಯಲ್ಲಿ ಕಿರುಚುತ್ತ ನರ್ಸ್ ಓಡಿಬಂದಳು.

ನಾನು ಹಿಡಿದದ್ದು ಸೂಜಿ ಚುಚ್ಚಿದ್ದ ಕೈ. ಹನಿ ನಿಂತುಹೋಗಿತ್ತು.